ಮುನ್ನೂರು ಗಜದಾಚೆಯ ಕಾಯೋಟಿ

ಬೇಟೆಯ ಕಥೆಯೆಂದರೆ ಕಿವಿ ನಿಮಿರಿಸದವರು ನಮ್ಮಲ್ಲಿ ವಿರಳ. ಜಿಮ್ ಕಾರ್ಬೆಟ್ಟರ ಕುಮಾವೂಂ ಕಾಡಿನ ಅನುಭವಗಳನ್ನೂ, ಬೆಂಗಳೂರಿನವರೇ ಆಗಿದ್ದ ಕೆನೆತ್ ಆಂಡರ್ಸನ್ನರ ಸಾಹಸಗಳನ್ನೂ ಓದಿ, ರಾತ್ರಿ ದೀಪವಾರಿಸಲು ಅಂಜಿದ ಮನೆಗಳು ಕನ್ನಡನಾಡಿನಲ್ಲಿ ಎಷ್ಟಿಲ್ಲ! ಪೂರ್ಣಚಂದ್ರ ತೇಜಸ್ವಿಯವರು ಆಂಡರ್ಸನ್ನರನ್ನು ಕನ್ನಡಕ್ಕೆ ಕರೆತಂದ ಮೇಲಂತೂ ಮಚಾನು, ಮರಸು, ನರಭಕ್ಷಕ ಎಂಬ ಮಾತುಗಳು ಎಳೆಯರ ಬಾಯಲ್ಲಿಯೂ ನಲಿದಾಡಿದವು. ಆ ಕಥೆಗಳಲ್ಲಿ ಮೃಗ ದೊಡ್ಡದು, ಕಾಡು ದಟ್ಟ, ಬೇಟೆಗಾರನಿಗೂ ಹುಲಿಗೂ ನಡುವಣ ಅಂತರ ಎಷ್ಟೋ ಸಲ ಕೆಲವೇ ಗಜ. ಆದುದರಿಂದ ಆಂಡರ್ಸನ್ನರು ಹಿಡಿದಿದ್ದ .405 ವಿಂಚೆಸ್ಟರ್ ರೈಫಲ್ಲಿನ ಗುಂಡೂ ದಪ್ಪನಾದದ್ದು, ಭಾರವಾದದ್ದು. ವೇಗ ಮಾತ್ರ ಸಾಧಾರಣವಾದದ್ದು.

ಇದಕ್ಕೆ ತೀರ ವಿರುದ್ಧವಾದ ಇನ್ನೊಂದು ಬಗೆಯ ಬೇಟೆಯಿದೆ. ಅದರಲ್ಲಿ ಮೃಗ ಚಿಕ್ಕದು, ಬಯಲು ವಿಶಾಲ, ಅಂತರ ಇನ್ನೂರು ಮುನ್ನೂರು ಗಜ. ಅಮೆರಿಕಾ ಸಂಯುಕ್ತ ಸಂಸ್ಥಾನದ ಪಶ್ಚಿಮ ಪ್ರಾಂತಗಳಲ್ಲಿ ಕಾಯೋಟಿಯೆಂಬ ನರಿಜಾತಿಯ ಪ್ರಾಣಿಯನ್ನು ಬೇಟೆಯಾಡುವ ಕ್ರಮವದು. ಈ ಬೇಟೆಗೆ ಯಾವ ತೋಟಾ ತಕ್ಕದ್ದು ಎಂಬ ಪ್ರಶ್ನೆಯನ್ನು ಅಲ್ಲಿನ ಬೇಟೆಗಾರರು ಸುಮಾರು ನೂರು ವರ್ಷಗಳಿಂದ ಚರ್ಚಿಸುತ್ತ ಬಂದಿದ್ದಾರೆ. ನಮ್ಮ ಮನೆಗಳಲ್ಲಿ ಕಾಫಿಪುಡಿಗೆ ಚಿಕೋರಿ ಬೆರೆಸಬೇಕೇ ಬೇಡವೇ ಎಂದು ನಡೆಯುವ ವಾದದಂತೆ ಅದಕ್ಕೂ ಕೊನೆಯಿಲ್ಲ. ಆದರೆ ಆ ವಾದದ ಒಳಹೊಕ್ಕು ನೋಡಿದವರಿಗೆ ಭೌತಶಾಸ್ತ್ರದ ಒಂದು ಸೊಗಸಾದ ಪಾಠವೂ, ಅದಕ್ಕಿಂತ ಮುಖ್ಯವಾಗಿ ಒಂದು ನೀತಿಯ ಪ್ರಶ್ನೆಯೂ ಎದುರಾಗುತ್ತವೆ.

ಯಾರು ಈ ಕಾಯೋಟಿ?

ಕಾಯೋಟಿ ನಮ್ಮ ಗುಳ್ಳೇನರಿಗೆ ದೂರದ ದಾಯಾದಿ. ಬೂದುಬಣ್ಣದ ಮೈ, ಚೂಪು ಮೋರೆ, ನೆಟ್ಟನೆಯ ಕಿವಿ, ಕುಚ್ಚಿನಂತಹ ಬಾಲ. ತೂಕ ಸಾಮಾನ್ಯವಾಗಿ ಹತ್ತರಿಂದ ಇಪ್ಪತ್ತು ಕಿಲೋಗ್ರಾಂ. ಮೆಕ್ಸಿಕೋದ ಆದಿವಾಸಿಗಳ ನಾವಾಟ್ಲ್ ಭಾಷೆಯಿಂದ ಬಂದ ಹೆಸರು ಅದರದು. ಅಮೆರಿಕಾದ ಪ್ರಾಣಿಶಾಸ್ತ್ರಜ್ಞ ಥಾಮಸ್ ಸೇ 1823ರಲ್ಲಿ ಅದಕ್ಕೆ ಕೊಟ್ಟ ಶಾಸ್ತ್ರೀಯ ನಾಮದ ಅರ್ಥ ‘ಬೊಗಳುವ ನಾಯಿ’ ಎಂದು. ಹಗಲು ಇಳಿದು ಕತ್ತಲೆ ಕವಿಯುವ ಹೊತ್ತಿಗೆ ಅದು ಎತ್ತುವ ಊಳು ಕೇಳಿದವರಿಗೆ ಈ ಹೆಸರು ಸಾರ್ಥಕವೆನ್ನಿಸದಿರದು. ಕ್ಯಾಲಿಫೋರ್ನಿಯಾ, ಅರಿಜೋನಾಗಳಲ್ಲಿ ನೆಲೆಸಿರುವ ನಮ್ಮ ಕನ್ನಡದ ಮಕ್ಕಳು ರಾತ್ರಿ ಫೋನಿನಲ್ಲಿ “ಅಮ್ಮಾ, ಹಿತ್ತಲಾಚೆ ನರಿ ಕೂಗುತ್ತಿದೆ” ಎಂದರೆ, ಅದು ಈ ಕಾಯೋಟಿಯೇ ಎಂದು ತಿಳಿಯಬಹುದು.

ಕುರಿಗಾಹಿಗಳಿಗೆ ಅದು ಬದ್ಧವೈರಿ. ಅಮೆರಿಕಾದಲ್ಲಿ ಹಿಂಸ್ರಪ್ರಾಣಿಗಳಿಗೆ ಬಲಿಯಾಗುವ ಕುರಿ ಮತ್ತು ಕುರಿಮರಿಗಳಲ್ಲಿ ಅತಿ ದೊಡ್ಡ ಪಾಲು ಕಾಯೋಟಿಯದೇ. ವಸಂತದಲ್ಲಿ ಮರಿ ಹಾಕಿದ ಕುರಿಮಂದೆಯ ಒಡೆಯನು ಬೆಳಗ್ಗೆ ಎದ್ದು ಬೇಲಿಯ ಬಳಿ ಉಳಿದ ಉಣ್ಣೆಯ ಚೂರನ್ನು ಕಂಡಾಗ, ಅವನ ವರ್ಷದ ಲೆಕ್ಕವೇ ತಲೆಕೆಳಗಾಗುತ್ತದೆ. ಇದರ ಜೊತೆಗೆ ಹೊಲದಲ್ಲಿ ಬಿಲ ತೋಡುವ ವುಡ್‌ಚಕ್, ಬಯಲಿನಲ್ಲಿ ಊರುಗಳನ್ನೇ ಕಟ್ಟಿಕೊಂಡು ಬಾಳುವ ಪ್ರೇರಿ ಡಾಗ್ — ಹೆಸರಿನಲ್ಲಿ ನಾಯಿ, ಜಾತಿಯಲ್ಲಿ ಅಳಿಲು — ಇವೆಲ್ಲವನ್ನೂ ಸೇರಿಸಿ ಅಲ್ಲಿನವರು ‘ವಾರ್ಮಿಂಟ್’ ಎನ್ನುತ್ತಾರೆ. ಉಪದ್ರವ ಕೊಡುವ ಪ್ರಾಣಿ ಎಂದು ಅದರ ಅರ್ಥ. ಇವುಗಳಿಗಾಗಿಯೇ ತಯಾರಾದ ರೈಫಲ್ಲುಗಳೂ ತೋಟಾಗಳೂ ಒಂದು ಪ್ರತ್ಯೇಕ ವರ್ಗವೇ ಆಗಿವೆ.

ತೋಟಾ ಎಂಬ ಪುಟ್ಟ ಯಂತ್ರ

ತೋಟಾ ಅಥವಾ ಕಾಡತೂಸು ಎಂದು ನಾವು ಕರೆಯುವ ವಸ್ತುವಿನಲ್ಲಿ ನಾಲ್ಕು ಅಂಗಗಳಿವೆ. ಹಿತ್ತಾಳೆಯ ಕೊಳವೆಯೊಂದು, ಅದರ ಬುಡದಲ್ಲಿ ಕೇಪು, ಒಳಗೆ ಮದ್ದು, ಬಾಯಲ್ಲಿ ಗುಂಡು. ಟ್ರಿಗರ್ ಎಳೆದಾಗ ಕೋವಿಯ ಮೊಳೆ ಕೇಪನ್ನು ಕುಟ್ಟುತ್ತದೆ. ಕೇಪಿನ ಕಿಡಿ ಮದ್ದನ್ನು ಹೊತ್ತಿಸುತ್ತದೆ. ಮದ್ದು ಉರಿದು ಹುಟ್ಟಿದ ಅನಿಲ ಗುಂಡನ್ನು ನಳಿಗೆಯಿಂದ ಹೊರಕ್ಕೆ ನೂಕುತ್ತದೆ. ನಳಿಗೆಯ ಒಳಮೈಯಲ್ಲಿ ಸುರುಳಿಯಾಗಿ ಕೊರೆದ ತೋಡುಗಳಿರುವುದರಿಂದ ಗುಂಡು ಬುಗುರಿಯಂತೆ ಗಿರಗಿರನೆ ತಿರುಗುತ್ತ ಹೊರಡುತ್ತದೆ. ಹೀಗೆ ತಿರುಗದಿದ್ದರೆ ಅದು ಗಾಳಿಯಲ್ಲಿ ಮಗುಚಿ ಎತ್ತೆತ್ತಲೋ ಹೋಗುವುದು.

ಗುಂಡನ್ನು ತೂಗುವ ಮಾನ ಗ್ರೇನ್. ನಮ್ಮ ಹೆಂಗಳೆಯರಿಗೆ ಇದು ಪರಕೀಯವೇನೂ ಅಲ್ಲ. ಬಂಗಾರದ ಒಂದು ತೊಲವೆಂದರೆ ಸರಿಯಾಗಿ 180 ಗ್ರೇನ್. ಆಂಡರ್ಸನ್ನರ .405 ತೋಟಾದ ಗುಂಡು 300 ಗ್ರೇನ್, ಎಂದರೆ ಒಂದು ತೊಲ ಹನ್ನೆರಡಾಣೆಗೆ ತುಸು ಕಡಿಮೆ. ವೇಗ ಸೆಕೆಂಡಿಗೆ ಸುಮಾರು 2,200 ಅಡಿ. ಕಾಯೋಟಿಯ ಬೇಟೆಗೆ ಬಳಸುವ ಗುಂಡು ಸಾಮಾನ್ಯವಾಗಿ 55 ಗ್ರೇನ್ ಮಾತ್ರ, ತೊಲದ ಮೂರನೆಯ ಒಂದು ಪಾಲೂ ಇಲ್ಲ. ಆದರೆ ಅದರ ವೇಗ ಸೆಕೆಂಡಿಗೆ 3,200ರಿಂದ 3,700 ಅಡಿ, ಶಬ್ದದ ವೇಗದ ಮೂರು ಪಟ್ಟು. ಮುನ್ನೂರು ಗಜದಾಚೆ ನಿಂತ ಪ್ರಾಣಿಗೆ ಗುಂಡು ಮೊದಲು ತಲುಪುತ್ತದೆ. ಕೋವಿಯ ಸದ್ದು ಅರೆಗಳಿಗೆ ತಡವಾಗಿ ಹಿಂಬಾಲಿಸುತ್ತದೆ.

ಕ್ಯಾಲಿಬರ್ ಎಂಬ ಸಂಖ್ಯೆಯ ವಿಷಯದಲ್ಲಿಯೂ ಒಂದು ಮಾತು ಹೇಳಬೇಕು. .22 ಎಂದರೆ ಸ್ಥೂಲವಾಗಿ ಅಂಗುಲದ ನೂರನೆಯ ಇಪ್ಪತ್ತೆರಡು ಭಾಗ. ಆದರೆ .220 ಸ್ವಿಫ್ಟ್, .222 ರೆಮಿಂಗ್ಟನ್, .223 ರೆಮಿಂಗ್ಟನ್, .22-250 — ಹೆಸರು ಬೇರೆ ಬೇರೆಯಾದರೂ ಈ ನಾಲ್ಕರ ಗುಂಡಿನ ವ್ಯಾಸವೂ ಒಂದೇ, .224 ಅಂಗುಲ. ಭೇದವಿರುವುದು ಹಿತ್ತಾಳೆಯ ಕೊಳವೆಯ ಆಕಾರದಲ್ಲಿ ಮತ್ತು ಅದರೊಳಗೆ ಹಿಡಿಸುವ ಮದ್ದಿನಲ್ಲಿ. ಒಂದರ ತೋಟಾವನ್ನು ಇನ್ನೊಂದರ ಕೋವಿಗೆ ಹಾಕಲಾಗದು, ಹಾಕಲೂ ಬಾರದು. ಹೆಸರುಗಳು ವ್ಯಾಪಾರಿಗಳು ಇಟ್ಟವು, ಗಣಿತಜ್ಞರು ಇಟ್ಟವಲ್ಲ.

ಭೂಮಿಯ ಸೆಳೆತ, ಗಾಳಿಯ ತಳ್ಳು

ದೂರದ ಗುರಿಗೆ ಶತ್ರುಗಳು ಇಬ್ಬರು. ಮೊದಲನೆಯದು ಭೂಮಿಯ ಆಕರ್ಷಣೆ. ಮರದಿಂದ ಕಳಚಿದ ಮಾವಿನಕಾಯಿ ಬೀಳುವಂತೆಯೇ ನಳಿಗೆಯಿಂದ ಹೊರಟ ಗುಂಡೂ ಹೊರಟ ಕ್ಷಣದಿಂದ ಬೀಳತೊಡಗುತ್ತದೆ. ಸೆಕೆಂಡಿನ ಹತ್ತನೆಯ ಒಂದು ಪಾಲಿನಲ್ಲಿ ಎರಡು ಅಂಗುಲ ಬಿದ್ದರೆ, ಹತ್ತನೆಯ ಮೂರು ಪಾಲಿನಲ್ಲಿ ಹದಿನೇಳು ಅಂಗುಲ ಬೀಳುತ್ತದೆ. ಕಾಲ ಮೂರು ಪಟ್ಟಾದರೆ ಇಳಿತ ಒಂಬತ್ತು ಪಟ್ಟು. ಆದುದರಿಂದಲೇ ವೇಗಕ್ಕೆ ಅಷ್ಟು ಬೆಲೆ. ಬೇಗ ತಲುಪಿದ ಗುಂಡು ಕಡಿಮೆ ಬೀಳುತ್ತದೆ.

ಬೇಟೆಗಾರರು ಇದಕ್ಕೆ ಒಂದು ಉಪಾಯ ಮಾಡಿಕೊಂಡಿದ್ದಾರೆ. ದುರ್ಬೀನನ್ನು ಇನ್ನೂರು ಗಜಕ್ಕೆ ಸರಿಯಾಗಿ ಹೊಂದಿಸುತ್ತಾರೆ. ಆಗ ಗುಂಡು ನಡುದಾರಿಯಲ್ಲಿ ದೃಷ್ಟಿರೇಖೆಗಿಂತ ಒಂದೆರಡು ಅಂಗುಲ ಮೇಲೆ ಹಾರಿ, ಇನ್ನೂರು ಗಜದಲ್ಲಿ ರೇಖೆಯನ್ನು ಸೇರಿ, ಅನಂತರ ಕೆಳಕ್ಕಿಳಿಯುತ್ತದೆ. .22-250 ತೋಟಾದ 55 ಗ್ರೇನ್ ಗುಂಡು ಮುನ್ನೂರು ಗಜದಲ್ಲಿ ಐದಾರು ಅಂಗುಲ ಕೆಳಗಿರುತ್ತದೆ. ನಾನೂರು ಗಜದಲ್ಲಿ ಸುಮಾರು ಹದಿನಾರು ಅಂಗುಲ. ಹೀಗೆ ಇಳಿತವು ಎಷ್ಟೇ ಇರಲಿ, ಅದು ಲೆಕ್ಕಕ್ಕೆ ಸಿಕ್ಕುವಂಥದು. ದೂರವನ್ನು ಅಳೆಯುವ ಲೇಸರ್ ಯಂತ್ರಗಳು ಈಗ ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕವಾಗಿವೆ. ದೂರ ತಿಳಿದರೆ ಇಳಿತ ತಿಳಿಯಿತು. ಇಳಿತ ತಿಳಿದರೆ ಅಷ್ಟು ಮೇಲಕ್ಕೆ ಗುರಿಯಿಟ್ಟರಾಯಿತು.

ಎರಡನೆಯ ಶತ್ರು ಗಾಳಿ. ಇವನು ಲೆಕ್ಕಕ್ಕೆ ಸಿಕ್ಕುವವನಲ್ಲ. ವಯೋಮಿಂಗ್, ಮೊಂಟಾನಾ, ಡಕೋಟಾಗಳ ಬಯಲಿನಲ್ಲಿ ತಡೆಯುವ ಮರವಿಲ್ಲ, ಗುಡ್ಡವಿಲ್ಲ. ಬೇಟೆಗಾರನು ಮಲಗಿರುವ ಕಡೆ ಗಾಳಿ ಒಂದು ಬಗೆ, ನಡುವಣ ತಗ್ಗಿನಲ್ಲಿ ಇನ್ನೊಂದು ಬಗೆ, ಕಾಯೋಟಿ ನಿಂತ ದಿಣ್ಣೆಯ ಮೇಲೆ ಮತ್ತೊಂದು ಬಗೆ. ಗಂಟೆಗೆ ಹತ್ತು ಮೈಲಿಯ ಗಾಳಿ ಮಗ್ಗುಲಿನಿಂದ ಬೀಸಿದರೆ, ಮುನ್ನೂರು ಗಜದಲ್ಲಿ .223ರ 55 ಗ್ರೇನ್ ಗುಂಡು ಸುಮಾರು ಹನ್ನೊಂದು ಅಂಗುಲ, .22-250ರದು ಸುಮಾರು ಒಂಬತ್ತು ಅಂಗುಲ, .243ರ 87 ಗ್ರೇನಿನ ನೀಳವಾದ ಗುಂಡು ಆರೂವರೆ ಅಂಗುಲ ಪಕ್ಕಕ್ಕೆ ಸರಿಯುತ್ತವೆ. ಗುಂಡಿನ ಆಕಾರಕ್ಕೆ ತಕ್ಕಂತೆ ಇದರಲ್ಲಿ ತುಸು ಹೆಚ್ಚುಕಡಿಮೆಯುಂಟು.

ಇಲ್ಲಿ ವಾಚಕರು ಒಂದು ಸೂಕ್ಷ್ಮವನ್ನು ಗಮನಿಸಬೇಕು. ಗುಂಡು ಗಾಳಿಯಲ್ಲಿ ಸರಿಯುವುದು ಅದು ಎಷ್ಟು ಹೊತ್ತು ಹಾರಿತು ಎಂಬುದಕ್ಕೆ ನೇರವಾಗಿ ಅನುಸರಿಸಿಯಲ್ಲ; ಗಾಳಿಯ ತಡೆಯಿಂದ ಅದು ಎಷ್ಟು ಹೊತ್ತು ತಡವಾಯಿತು ಎಂಬುದಕ್ಕೆ ಅನುಸರಿಸಿ. ಆದುದರಿಂದ ಬರಿಯ ವೇಗ ಸಾಲದು. ವೇಗವನ್ನು ಉಳಿಸಿಕೊಳ್ಳುವ ಶಕ್ತಿಯೂ ಬೇಕು. ಹಗುರವಾದ ಗುಂಡು ಹತ್ತಿ ಉಂಡೆಯಂತೆ, ಹೊರಡುವಾಗ ಭರ, ಅನಂತರ ಸುಸ್ತು. ಭಾರವೂ ನೀಳವೂ ಆದ ಗುಂಡು ಓಟಗಾರನಂತೆ, ಕೊನೆಯವರೆಗೂ ಉಸಿರು ಉಳಿಸಿಕೊಂಡಿರುತ್ತದೆ.

ಕಡಜದಿಂದ ಮೊದಲು

ಈ ಬೇಟೆಯ ತೋಟಾಗಳ ಚರಿತ್ರೆ ಒಂದು ಕಡಜದಿಂದ ಆರಂಭವಾಗುತ್ತದೆ. 1920ರ ದಶಕದ ಕೊನೆಯಲ್ಲಿ ಅಮೆರಿಕಾ ಸೈನ್ಯದ ಸ್ಪ್ರಿಂಗ್‌ಫೀಲ್ಡ್ ಶಸ್ತ್ರಾಗಾರದ ಕೆಲವು ಉತ್ಸಾಹಿಗಳು ಹಳೆಯ ಕರಿಮದ್ದಿನ ತೋಟಾವೊಂದನ್ನು ಹೊಸ ಮದ್ದಿಗೆ ಅಳವಡಿಸಿದರು. 1930ರಲ್ಲಿ ವಿಂಚೆಸ್ಟರ್ ಕಂಪೆನಿ ಅದನ್ನು ಮಾರುಕಟ್ಟೆಗೆ ತಂದಿತು. ಅದೇ .22 ಹಾರ್ನೆಟ್, ಎಂದರೆ ಕಡಜ. 45 ಗ್ರೇನಿನ ಗುಂಡು ಸೆಕೆಂಡಿಗೆ 2,690 ಅಡಿ ವೇಗದಲ್ಲಿ ಹೊರಡುತ್ತಿತ್ತು. ಸದ್ದು ಕಡಿಮೆ, ಭುಜಕ್ಕೆ ಒದೆತ ಇಲ್ಲವೆಂದೇ ಹೇಳಬಹುದು. ಪೂರ್ವಪ್ರಾಂತಗಳ ಹುಲ್ಲುಗಾವಲುಗಳಲ್ಲಿ ವುಡ್‌ಚಕ್ ಹೊಡೆಯುವವರಿಗೆ ಅದು ವರಪ್ರಸಾದವಾಯಿತು. ಆದರೆ ಮುನ್ನೂರು ಗಜ ತಲುಪುವಷ್ಟರಲ್ಲಿ ಅದರ ವೇಗ ಅರ್ಧಕ್ಕಿಂತ ಕೆಳಗಿಳಿಯುತ್ತಿತ್ತು. ಕಡಜ ಕುಟುಕುವುದು ಹತ್ತಿರ ಬಂದಾಗಲೇ ಅಲ್ಲವೆ?

1935ರಲ್ಲಿ ಅದೇ ಕಂಪೆನಿ .220 ಸ್ವಿಫ್ಟ್ ಅನ್ನು ಹೊರತಂದಾಗ ಬೇಟೆಯ ಜಗತ್ತು ಬೆರಗಾಯಿತು. 48 ಗ್ರೇನಿನ ಗುಂಡು, ಸೆಕೆಂಡಿಗೆ 4,110 ಅಡಿ! ಕಾರ್ಖಾನೆಯಲ್ಲಿ ತಯಾರಾದ ತೋಟಾವೊಂದು ನಾಲ್ಕು ಸಾವಿರದ ಗಡಿಯನ್ನು ದಾಟಿದುದು ಅದೇ ಮೊದಲು. ಆದರೆ ವೇಗಕ್ಕೆ ತೆರಿಗೆ ಇದ್ದೇ ಇದೆ. ಸಣ್ಣ ನಳಿಗೆಯಲ್ಲಿ ಬಹಳ ಮದ್ದು ಉರಿದರೆ ಅದರ ಬೆಂಕಿಗೆ ನಳಿಗೆಯ ಗಂಟಲು ಸವೆಯುತ್ತದೆ. ನಳಿಗೆಯನ್ನು ಬೇಗ ತಿನ್ನುವ ತೋಟಾ ಎಂಬ ಅಪಖ್ಯಾತಿ ಸ್ವಿಫ್ಟಿಗೆ ಅಂಟಿತು.

1950ರಲ್ಲಿ ರೆಮಿಂಗ್ಟನ್ ಕಂಪೆನಿಯ ಮೈಕ್ ವಾಕರ್ ರೂಪಿಸಿದ .222 ಬಂದಿತು. ಅದು ವೇಗದಲ್ಲಿ ಸ್ವಿಫ್ಟಿಗಿಂತ ಕೆಳಗೆ. ಆದರೆ ನಿಖರತೆಯಲ್ಲಿ ಎತ್ತಿದ ಕೈ. ಮೇಜಿನ ಮೇಲೆ ಕೋವಿಯನ್ನಿಟ್ಟು ಗುರಿ ಪರೀಕ್ಷಿಸುವ ಸ್ಪರ್ಧೆಗಳಲ್ಲಿ ಅದು ಹಲವು ವರ್ಷ ಮೆರೆಯಿತು. ಅದರ ವಂಶದಲ್ಲಿಯೇ ಹುಟ್ಟಿದುದು ಸೈನ್ಯದ ಎಂ-16 ರೈಫಲ್ಲಿಗಾಗಿ ಸಿದ್ಧವಾದ ತೋಟಾ. 1964ರಲ್ಲಿ ಸಾರ್ವಜನಿಕರಿಗೆ ದೊರೆತಾಗ ಅದರ ಹೆಸರು.223 ರೆಮಿಂಗ್ಟನ್. ಸೈನ್ಯದ ನೆಂಟಸ್ತಿಕೆಯಿಂದ ಅದು ಯಥೇಚ್ಛವಾಗಿ ತಯಾರಾಗಿ, ಅಗ್ಗವಾಗಿ, ಎಲ್ಲ ಅಂಗಡಿಗಳಲ್ಲಿಯೂ ಸಿಗುವಂತಾಯಿತು. ತಂದೆ .222 ಮೂಲೆಗುಂಪಾಯಿತು.

1965ರಲ್ಲಿ ರೆಮಿಂಗ್ಟನ್ ಕಂಪೆನಿ .22-250 ಅನ್ನು ಅಂಗೀಕರಿಸಿತು. ಇದು ಕಾರ್ಖಾನೆಯ ಕೂಸಲ್ಲ. ಹವ್ಯಾಸಿ ಕೋವಿ ಕುಶಲಿಗಳು 1930ರ ದಶಕದಲ್ಲಿಯೇ .250 ಸ್ಯಾವೇಜ್ ತೋಟಾದ ಕುತ್ತಿಗೆಯನ್ನು .22ಕ್ಕೆ ಕಿರಿದುಗೊಳಿಸಿ ಮಾಡಿಕೊಂಡಿದ್ದ ದೇಸಿ ತಳಿ. ಮೂವತ್ತು ವರ್ಷ ಕಾನೂನಿನ ಹೆಸರಿಲ್ಲದೆ ಬೆಳೆದ ಮಗುವಿಗೆ ಕೊನೆಗೆ ಮನೆತನದ ಹೆಸರು ಸಿಕ್ಕಿದಂತಾಯಿತು. 55 ಗ್ರೇನಿನ ಗುಂಡಿಗೆ ಸೆಕೆಂಡಿಗೆ 3,680 ಅಡಿ ಕೊಡುವ ಈ ತೋಟಾ ಇಂದಿಗೂ ಕಾಯೋಟಿ ಬೇಟೆಗಾರರ ಕಣ್ಮಣಿ.

ಈಚಿನ ಸೇರ್ಪಡೆಗಳೂ ಉಂಟು. 1971ರ .17 ರೆಮಿಂಗ್ಟನ್, 2004ರ .204 ರೂಗರ್ — ಇವು ಇನ್ನೂ ಕಿರಿದಾದ ಗುಂಡಿನವು. ಚಳಿಗಾಲದಲ್ಲಿ ಕಾಯೋಟಿಯ ತುಪ್ಪುಳು ದಟ್ಟವಾಗಿ ಬೆಳೆದಾಗ ಅದರ ಚರ್ಮಕ್ಕೆ ಬೆಲೆಯಿರುವುದರಿಂದ, ದೊಡ್ಡ ತೂತು ಬೀಳದಿರಲಿ ಎಂಬ ಚರ್ಮದ ವ್ಯಾಪಾರಿಗಳಿಗೆ ಇವು ಪ್ರಿಯ.

ಬುಗುರಿ ಕಲಿಸಿದ ಪಾಠ

1955ರಲ್ಲಿ ನಡೆದ ಒಂದು ಪ್ರಸಂಗ ಈ ಚರಿತ್ರೆಯಲ್ಲಿ ಬಹು ಬೋಧಪ್ರದವಾದುದು. ಆ ವರ್ಷ ಎರಡು ಪ್ರತಿಸ್ಪರ್ಧಿ ಕಂಪೆನಿಗಳು ಒಂದೇ ವ್ಯಾಸದ ಗುಂಡಿನ ಎರಡು ತೋಟಾಗಳನ್ನು ಹೊರತಂದವು: ವಿಂಚೆಸ್ಟರ್‌ನ .243 ಮತ್ತು ರೆಮಿಂಗ್ಟನ್‌ನ .244. ಕೊಳವೆಯ ಹಿಡಿತದಲ್ಲಿ .244ದೇ ಒಂದು ಕೈ ಮೇಲು. ಆದರೂ ಮಾರುಕಟ್ಟೆಯಲ್ಲಿ ಗೆದ್ದುದು .243.

ಕಾರಣವಿಷ್ಟೆ. ರೆಮಿಂಗ್ಟನ್ನಿನವರು ತಮ್ಮ ತೋಟಾವನ್ನು ಕಾಯೋಟಿ, ವುಡ್‌ಚಕ್‌ಗಳಿಗೆಂದೇ ಭಾವಿಸಿ, ನಳಿಗೆಯ ಸುರುಳಿಯನ್ನು ಹನ್ನೆರಡು ಅಂಗುಲಕ್ಕೆ ಒಂದು ಸುತ್ತಿನಂತೆ ಕೊರೆದರು. ಹಗುರ ಗುಂಡಿಗೆ ಅಷ್ಟು ಸಾಕು. ವಿಂಚೆಸ್ಟರಿನವರು ಹತ್ತು ಅಂಗುಲಕ್ಕೆ ಒಂದು ಸುತ್ತು ಕೊಟ್ಟರು. ಗುಂಡು ನೀಳವಾದಷ್ಟೂ ಅದನ್ನು ನೆಟ್ಟಗೆ ನಿಲ್ಲಿಸಲು ಹೆಚ್ಚು ತಿರುಗಣೆ ಬೇಕು; ಎತ್ತರದ ಬುಗುರಿಯನ್ನು ಬಿರುಸಾಗಿ ಆಡಿಸದಿದ್ದರೆ ಅದು ತೂರಾಡುವುದಿಲ್ಲವೆ, ಹಾಗೆ. ವಿಂಚೆಸ್ಟರ್ ನಳಿಗೆ 100 ಗ್ರೇನಿನ ಗುಂಡನ್ನು ಸಲೀಸಾಗಿ ನಡೆಸಿತು. ರೆಮಿಂಗ್ಟನ್ 90 ಗ್ರೇನಿಗೆ ನಿಂತಿತು. ಅಮೆರಿಕಾದ ಮಧ್ಯಮವರ್ಗದ ಗೃಹಸ್ಥ ಬೇಟೆಗಾರನಿಗೆ ಎರಡು ರೈಫಲ್ಲು ಕೊಳ್ಳುವ ಶಕ್ತಿಯಿಲ್ಲ. ಬೇಸಗೆಯಲ್ಲಿ ವುಡ್‌ಚಕ್ಕಿಗೂ ಶರತ್ಕಾಲದಲ್ಲಿ ಜಿಂಕೆಗೂ ಒಂದೇ ಕೋವಿ ಆಗಬೇಕು. ಜಿಂಕೆಗೆ ಭಾರದ ಗುಂಡು ಬೇಕೆಂದು ಅವನು .243 ಕೊಂಡ. ರೆಮಿಂಗ್ಟನ್ನಿನವರು ಸುರುಳಿಯನ್ನು ಒಂಬತ್ತು ಅಂಗುಲಕ್ಕೆ ತಿದ್ದಿಕೊಂಡು, 1963ರಲ್ಲಿ ‘6 ಮಿಲಿಮೀಟರ್ ರೆಮಿಂಗ್ಟನ್’ ಎಂಬ ಹೊಸ ಹೆಸರಿನಿಂದ ಅದನ್ನೇ ಮತ್ತೆ ಬಿಟ್ಟರೂ ಕೈಜಾರಿದ ಗಿರಾಕಿ ಮರಳಲಿಲ್ಲ.

ಈ ಪಾಠ ಹಳೆಯದಾಗಲಿಲ್ಲ. ಸತ್ತ ಪ್ರಾಣಿಯ ಮೈಯಲ್ಲಿ ಉಳಿದ ಸೀಸದ ಚೂರುಗಳನ್ನು ತಿಂದು ಹದ್ದುಗಳೂ ರಣಹದ್ದುಗಳೂ ವಿಷವೇರಿ ಸಾಯುವುದು ಕಂಡುಬಂದುದರಿಂದ, ಕ್ಯಾಲಿಫೋರ್ನಿಯಾ ರಾಜ್ಯವು 2019ರ ಜುಲೈ 1ರಿಂದ ಬೇಟೆಯಲ್ಲಿ ಸೀಸದ ಗುಂಡನ್ನು ಪೂರ್ಣವಾಗಿ ನಿಷೇಧಿಸಿತು. ಸೀಸಕ್ಕೆ ಬದಲು ತಾಮ್ರ. ತಾಮ್ರ ಸೀಸಕ್ಕಿಂತ ಹಗುರವಾದ ಲೋಹವಾದುದರಿಂದ ಅಷ್ಟೇ ತೂಕದ ಗುಂಡು ಹೆಚ್ಚು ನೀಳವಾಗುತ್ತದೆ. ನೀಳವಾದ ಗುಂಡಿಗೆ ಬಿರುಸಿನ ಸುರುಳಿ ಬೇಕು. ಹಳೆಯ .22-250ಗಳ ಹದಿನಾಲ್ಕು ಅಂಗುಲದ ಸುರುಳಿ ಅದಕ್ಕೆ ಸಾಲದು. ಆದುದರಿಂದ ಇಂದು ಕೋವಿ ಕೊಳ್ಳುವವನು ತೋಟಾದ ಹೆಸರಿನ ಜೊತೆಗೆ ಸುರುಳಿಯ ಅಳತೆಯನ್ನೂ ಕೇಳಬೇಕು. ಅಂಗಡಿಯಲ್ಲಿ ಸೀರೆಯ ಬಣ್ಣ ನೋಡಿ, ನೂಲಿನ ನಂಬರು ಕೇಳದೆ ಬರುವವರು ಆಮೇಲೆ ಪರಿತಪಿಸುವಂತೆ ಇಲ್ಲಿಯೂ ಆಗಬಾರದು.

ಹಾಗಾದರೆ ಆಯ್ಕೆ ಯಾವುದು?

ಈಗ ಮೂಲ ಪ್ರಶ್ನೆಗೆ ಬರೋಣ. ಹೊಲಮನೆಗಳು ಹತ್ತಿರವಿರುವ ಕಡೆ, ನೂರೈವತ್ತು ಗಜದೊಳಗೆ ಹೊಡೆಯುವವನಿಗೆ ಹಾರ್ನೆಟ್ ಸಾಕು. ನೆರೆಯವರ ನಿದ್ರೆಗೂ ಭಂಗ ಕಡಿಮೆ. ಎಲ್ಲಕ್ಕೂ ಒದಗುವ, ಅಗ್ಗವಾದ, ನಳಿಗೆಯನ್ನು ಬೇಗ ಸವೆಸದ ತೋಟಾ ಬೇಕೆನ್ನುವವನಿಗೆ .223. ಅದಕ್ಕೆ ಇನ್ನೊಂದು ಗುಣವೂ ಉಂಟು: ಒದೆತ ಅತ್ಯಲ್ಪವಾದುದರಿಂದ ದುರ್ಬೀನು ಗುರಿಯಿಂದ ಕದಲುವುದಿಲ್ಲ, ತನ್ನ ಗುಂಡು ಎಲ್ಲಿ ಬಿದ್ದಿತೆಂದು ಹೊಡೆದವನೇ ಕಣ್ಣಾರೆ ಕಾಣಬಹುದು. ಕಲಿಯುವವನಿಗೆ ಇದಕ್ಕಿಂತ ದೊಡ್ಡ ಗುರುವಿಲ್ಲ. ಬಯಲಿನಲ್ಲಿ ಮುನ್ನೂರು ಗಜದವರೆಗೆ ಹೊಡೆಯಬೇಕೆನ್ನುವವನಿಗೆ .22-250. ಸದಾ ಗಾಳಿ ಬೀಸುವ ಸೀಮೆಯವನಿಗೆ, ಜಿಂಕೆಗೂ ಅದೇ ಕೋವಿ ಆಗಬೇಕೆನ್ನುವವನಿಗೆ .243, ಒದೆತವೂ ಖರ್ಚೂ ತುಸು ಹೆಚ್ಚು.

ಇಷ್ಟು ಹೇಳಿ ಮುಗಿಸಿಬಿಡಬಹುದಿತ್ತು. ಆದರೆ ಮೇಲಿನ ಅಂಕಿಗಳನ್ನೇ ಇಟ್ಟುಕೊಂಡು ಒಂದು ಚಿಕ್ಕ ಲೆಕ್ಕ ಮಾಡೋಣ. ಕಾಯೋಟಿಯ ಎದೆಯಲ್ಲಿ, ಗುಂಡು ತಾಗಿದೊಡನೆ ಪ್ರಾಣ ಹೋಗುವ ಜಾಗ ಸುಮಾರು ಐದಾರು ಅಂಗುಲದ ಅಗಲ. ಅದರ ನಡುವಿಗೆ ಗುರಿಯಿಟ್ಟರೆ ಆಚೀಚೆ ಮೂರು ಅಂಗುಲದ ಅವಕಾಶ. ಗಾಳಿ ನಿಜವಾಗಿ ಗಂಟೆಗೆ ಹತ್ತು ಮೈಲಿ ಇರುವಾಗ ಬೇಟೆಗಾರನು ಐದು ಮೈಲಿ ಎಂದು ಊಹಿಸಿದನೆನ್ನಿ. ಇಷ್ಟು ತಪ್ಪು ಎಂಥವನಿಗೂ ಸಹಜ. ಆಗ ಮುನ್ನೂರು ಗಜದಲ್ಲಿ .223 ಐದೂವರೆ ಅಂಗುಲ ತಪ್ಪುತ್ತದೆ, .22-250 ನಾಲ್ಕೂವರೆ ಅಂಗುಲ, .243 ಮೂರಕ್ಕೂ ಸ್ವಲ್ಪ ಹೆಚ್ಚು. ಮೂರೂ ತೋಟಾಗಳು ಆ ಜಾಗದ ಹೊರಗೇ! ಅದೇ ತಪ್ಪನ್ನು ಇನ್ನೂರು ಗಜದಲ್ಲಿ ಮಾಡಿದರೆ .223 ಎರಡಂಗುಲಕ್ಕೆ ತುಸು ಹೆಚ್ಚು ಸರಿಯುತ್ತದೆ; .22-250 ಎರಡಂಗುಲಕ್ಕೂ ಕಡಿಮೆ. ಎರಡೂ ಒಳಗೇ.

ಎಂದರೆ, ಇನ್ನೂರು ಗಜದಲ್ಲಿರುವ ಅಗ್ಗದ ತೋಟಾ ಮುನ್ನೂರು ಗಜದಲ್ಲಿರುವ ದುಬಾರಿ ತೋಟಾಕ್ಕಿಂತ ಮೇಲು. ಕೋವಿ ಬದಲಾಯಿಸುವುದಕ್ಕಿಂತ ನೂರು ಗಜ ಹತ್ತಿರ ಸೇರುವುದು ಲೇಸು. ಅನುಭವಿಗಳಾದ ಬೇಟೆಗಾರರು ಮಾಡುವುದೂ ಅದನ್ನೇ. ಗಾಯಗೊಂಡ ಮೊಲದ ಚೀತ್ಕಾರವನ್ನು ಅನುಕರಿಸುವ ಪೀಪಿಯನ್ನು ಊದಿ, ಸೇಜ್‌ಬ್ರಷ್ ಪೊದೆಯ ಮರೆಯಲ್ಲಿ ಅಲುಗಾಡದೆ ಮರಸು ಕೂರುತ್ತಾರೆ. ಹಸಿದ ಕಾಯೋಟಿ ಗಾಳಿಯ ವಾಸನೆ ಹಿಡಿಯುತ್ತ, ಬಳಸಿ ಬಳಸಿ, ನೂರು ಗಜದೊಳಕ್ಕೆ ತಾನಾಗಿಯೇ ಬರುವುದುಂಟು. ಅಷ್ಟು ತಾಳ್ಮೆಯಿದ್ದವನಿಗೆ ಯಾವ ತೋಟಾವಾದರೇನು?

ಹೊಡೆಯದೆ ಉಳಿಸಿದ ಗುಂಡು

ಎದೆಗೆ ತಾಗದೆ ಕಾಲಿಗೋ ಕರುಳಿಗೋ ತಾಗಿದ ಗುಂಡಿನ ಕಥೆ ಕಷ್ಟದ್ದು. ಮುನ್ನೂರು ಗಜದಾಚೆ ಕುಂಟುತ್ತ ಪೊದೆ ಸೇರಿದ ಪ್ರಾಣಿ ಎಷ್ಟು ದಿನ ನರಳಿ ಸಾಯುತ್ತದೆಂಬುದನ್ನು ಹೊಡೆದವನು ನೋಡುವುದಿಲ್ಲ. ಕಾರ್ಬೆಟ್ಟರ ಕಾಲದಲ್ಲಿ ಗಾಯಗೊಂಡ ಹುಲಿಯನ್ನು ಹಾಗೆಯೇ ಬಿಟ್ಟು ಹೋಗುವುದು ಬೇಟೆಗಾರನಿಗೆ ಅವಮಾನವೆನಿಸಿತ್ತು. ಗಾಯಗೊಂಡ ಹುಲಿ ನಾಳೆ ನರಭಕ್ಷಕವಾದೀತೆಂಬ ಭಯವೂ ಇತ್ತು. ಗಾಯಗೊಂಡ ಕಾಯೋಟಿಯಿಂದ ಯಾರಿಗೂ ಭಯವಿಲ್ಲ. ಭಯವಿಲ್ಲದ ಕಡೆ ಕರ್ತವ್ಯವನ್ನು ನೆನಪಿಸಲು ಆತ್ಮಸಾಕ್ಷಿಯೊಂದೇ ಇರುವುದು. ಅಲ್ಲದೆ ಬಯಲಿನಲ್ಲಿ ಗುರಿ ತಪ್ಪಿದ ಗುಂಡು ಮೈಲಿಗಟ್ಟಲೆ ಹೋಗಬಲ್ಲದು. ಈ ಬೇಟೆಗೆಂದೇ ಮಾಡಿದ ತೆಳುಹೊದಿಕೆಯ ಗುಂಡುಗಳು ನೆಲಕ್ಕೆ ತಾಗಿದೊಡನೆ ಪುಡಿಯಾಗುವಂತಿದ್ದರೂ, ಹಿಂದೆ ಮಣ್ಣಿನ ದಿಣ್ಣೆಯಿಲ್ಲದೆ ಆಕಾಶವೇ ಕಾಣುವ ಗುರಿಗೆ ಟ್ರಿಗರ್ ಎಳೆಯಬಾರದೆಂಬುದು ಅಲ್ಲಿನ ಹಿರಿಯರು ಮಕ್ಕಳಿಗೆ ಕಲಿಸುವ ಮೊದಲ ಪಾಠ.

ಇನ್ನು ಇಷ್ಟೆಲ್ಲ ಗುಂಡು ಹಾರಿಸಿ ಕಾಯೋಟಿ ಕಡಿಮೆಯಾಯಿತೆ? ಆಶ್ಚರ್ಯದ ಸಂಗತಿಯೆಂದರೆ ಇಲ್ಲ. ಸರ್ಕಾರದ ಆಶ್ರಯದಲ್ಲಿಯೇ ದಶಕಗಳ ಕಾಲ ಅದಕ್ಕೆ ವಿಷವಿಟ್ಟರು, ಬೋನು ಹೂಡಿದರು, ವಿಮಾನದಿಂದ ಹೊಡೆದರು. ಸಾರ್ವಜನಿಕ ಭೂಮಿಯಲ್ಲಿ ವಿಷವಿಡುವುದನ್ನು 1972ರಲ್ಲಿ ಅಧ್ಯಕ್ಷ ನಿಕ್ಸನ್ನರ ಆಜ್ಞೆ ತಡೆಯಿತು. ಇಂದಿಗೂ ಸರ್ಕಾರಿ ಇಲಾಖೆಯೊಂದೇ ವರ್ಷಕ್ಕೆ ಹತ್ತಾರು ಸಾವಿರ ಕಾಯೋಟಿಗಳನ್ನು ಕೊಲ್ಲುತ್ತದೆ. ಆದರೂ ಒಂದು ಕಾಲಕ್ಕೆ ಪಶ್ಚಿಮದ ಬಯಲಿಗೆ ಸೀಮಿತವಾಗಿದ್ದ ಆ ಪ್ರಾಣಿ ಇಂದು ಅಟ್ಲಾಂಟಿಕ್ ತೀರವನ್ನು ಮುಟ್ಟಿದೆ, ಪನಾಮಾದವರೆಗೆ ಇಳಿದಿದೆ, ಶಿಕಾಗೋ ನಗರದೊಳಗೇ ಮರಿ ಹಾಕುತ್ತಿದೆ. ತೋಳಗಳನ್ನು ಮನುಷ್ಯನೇ ನಿರ್ಮೂಲ ಮಾಡಿದ್ದರಿಂದ ಅದಕ್ಕೆ ದಾರಿ ತೆರೆಯಿತು. ಪ್ರೇರಿ ಡಾಗ್‌ಗಳ ಕಥೆ ಮಾತ್ರ ಬೇರೆ. ಅವುಗಳ ಊರುಗಳನ್ನು ಹಾಳುಮಾಡಿದ್ದರಿಂದ ಅವನ್ನೇ ತಿಂದು ಬದುಕುವ ಕಪ್ಪುಕಾಲಿನ ಫೆರೆಟ್ ಎಂಬ ಮುಂಗುಸಿಯಂತಹ ಪ್ರಾಣಿ ಅಳಿದೇ ಹೋಯಿತೆಂದು ಎಲ್ಲರೂ ನಂಬಿದ್ದರು. 1981ರಲ್ಲಿ ವಯೋಮಿಂಗಿನ ಮೀಟೀಟ್ಸಿ ಎಂಬ ಊರಿನ ಬಳಿ ಕೆಲವು ಉಳಿದಿರುವುದು ಕಂಡುಬಂದಿತು.

ಈ ಅರಿವು ಅಲ್ಲಿನ ಕಾನೂನಿನಲ್ಲಿಯೂ ಇಣುಕುತ್ತಿದೆ. ಅತಿ ಹೆಚ್ಚು ಕಾಯೋಟಿ ಕೊಂದವನಿಗೆ ಬಹುಮಾನ ಎಂಬಂಥ ಪಂದ್ಯಗಳ ಬಹುಮಾನಗಳನ್ನು ಕ್ಯಾಲಿಫೋರ್ನಿಯಾ 2014ರಲ್ಲಿಯೇ ನಿಷೇಧಿಸಿತು. ಬೇರೆ ಕೆಲವು ರಾಜ್ಯಗಳೂ ಹಿಂಬಾಲಿಸಿದವು. ಅನೇಕ ಕುರಿಗಾಹಿಗಳು ಗ್ರೇಟ್ ಪಿರನೀಸ್ ಮುಂತಾದ ಭಾರಿ ಕಾವಲು ನಾಯಿಗಳನ್ನು ಮಂದೆಯೊಡನೆ ಬಿಟ್ಟು, ಗುಂಡಿನ ಖರ್ಚಿಲ್ಲದೆಯೇ ಮರಿಗಳನ್ನು ಉಳಿಸಿಕೊಳ್ಳುತ್ತಿದ್ದಾರೆ. ಹಾಗೆಂದು ಕೋವಿ ಅನಗತ್ಯವಾಯಿತೆನ್ನಲಾಗದು. ಕುರಿಮರಿಯ ರುಚಿ ಹತ್ತಿದ ಒಂದು ಕಾಯೋಟಿಯನ್ನು ಗುರುತಿಸಿ ಹೊಡೆಯುವ ಕುರಿಗಾಹಿಗೂ, ಕಂಡ ಕಾಯೋಟಿಯನ್ನೆಲ್ಲ ಎಣಿಕೆಗಾಗಿ ಹೊಡೆಯುವವನಿಗೂ ಬಹಳ ಅಂತರವಿದೆ.

ನಮ್ಮ ದೇಶದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂದಮೇಲೆ ಷಿಕಾರಿಯ ಕಥೆ ಪುಸ್ತಕದ ಪುಟಗಳಿಗೆ ಸೇರಿತು. ಗುಳ್ಳೇನರಿಯನ್ನು ಕೊಂದರೂ ಇಲ್ಲಿ ಅಪರಾಧವೇ. ಆದುದರಿಂದ ಯಾವ ತೋಟಾ ಎಂಬ ಪ್ರಶ್ನೆ ನಮಗೆ ಕುತೂಹಲದ ವಿಷಯ ಮಾತ್ರ. ಆದರೆ ಅದು ಕಲಿಸುವ ಮಾತು ಬಯಲಿಗೂ ಕೋವಿಗೂ ಸೀಮಿತವಲ್ಲ. ಸಲಕರಣೆ ಎಷ್ಟು ದೂರ ಮುಟ್ಟಬಲ್ಲದು ಎಂಬುದನ್ನು ಕಂಪೆನಿಯವರು ಪೆಟ್ಟಿಗೆಯ ಮೇಲೆ ಅಚ್ಚು ಹಾಕಿರುತ್ತಾರೆ. ತಾನು ಎಷ್ಟು ದೂರ ಮುಟ್ಟಬೇಕು ಎಂಬುದನ್ನು ಮಾತ್ರ ಹಿಡಿದವನೇ ತೀರ್ಮಾನಿಸಬೇಕು. ಗಾಳಿ ಜೋರಾಗಿದೆ, ಗುರಿ ದೂರವಿದೆ, ಮನಸ್ಸಿನಲ್ಲಿ ಸಂಶಯವಿದೆ ಎಂದಾದರೆ, ತೋಟಾವನ್ನು ಕೋವಿಯಿಂದ ತೆಗೆದು ಜೇಬಿಗಿಟ್ಟು ಮನೆಗೆ ಮರಳುವವನೇ ಪಳಗಿದ ಬೇಟೆಗಾರನೆಂದು ಆ ಬಯಲಿನ ಹಳಬರೂ ಒಪ್ಪುತ್ತಾರೆ. ಹಾಗೆ ಉಳಿದ ತೋಟಾ ನಾಳೆಗೂ ಒದಗುತ್ತದೆ.